ದೀಪ ಬದಲಿಸಲಾಗದ ಟಿವಿ: ಪ್ಲಾಸ್ಮಾ ಮರೆಯಾದ ಬಗೆ

2013ರ ಅಕ್ಟೋಬರ್ 31ರಂದು ಪ್ಯಾನಸೋನಿಕ್ ಕಂಪನಿ ಡಿಸೆಂಬರಿನಿಂದಾಚೆಗೆ ಪ್ಲಾಸ್ಮಾ ಪ್ಯಾನೆಲ್ ಮಾಡುವುದಿಲ್ಲ ಎಂದು ಪ್ರಕಟಿಸಿತು. ಅದೇ ವರ್ಷ ಅದು ಹೊರತಂದಿದ್ದ ವಿಟಿ60, ಜಡ್‌ಟಿ60 ಸೆಟ್‌ಗಳು ಆ ಹೊತ್ತಿಗೆ ಸಿಗುತ್ತಿದ್ದ ಟಿವಿಗಳಲ್ಲೇ ಮೇಲ್ಪಂಕ್ತಿಯವು ಎಂದು ಚಿತ್ರದ ಗುಣಮಟ್ಟ ಅಳೆಯುವವರು ಹೊಗಳುತ್ತಿದ್ದರು. ಮರುವರ್ಷದ ನವೆಂಬರ್ ಕೊನೆಗೆ ಸ್ಯಾಮ್‌ಸಂಗ್, ಎಲ್‌ಜಿ ಕೂಡ ಕೈತೊಳೆದುಕೊಂಡವು. ತಾನು ಚೆನ್ನಾಗಿ ಮಾಡುತ್ತಿದ್ದ ಕೆಲಸವನ್ನು ಇನ್ನಷ್ಟು ಚೆನ್ನಾಗಿ ಮಾಡುವುದನ್ನು ಕಲಿತ ಕೂಡಲೇ ಸತ್ತ ತಂತ್ರಜ್ಞಾನ ಇದು. ಕಾರಣ ಅದರ ಕೋಶದೊಳಗೇ ಇದೆ.

ಟ್ಯೂಬ್‌ಲೈಟನ್ನು ಅಕ್ಕಿಕಾಳಿಗಿಂತ ಸಣ್ಣದು ಮಾಡಿ, ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಎರಡು ಗಾಜಿನ ನಡುವೆ ಜೋಡಿಸಿದರೆ ಪ್ಲಾಸ್ಮಾ ಪ್ಯಾನೆಲ್ ಆಗುತ್ತದೆ. ಪ್ರತಿ ಕೋಶದಲ್ಲಿ ನಿಯಾನ್ ಮತ್ತು ಜೆನಾನ್ ಅನಿಲದ ಮಿಶ್ರಣ. 200 ವೋಲ್ಟ್ ಆಸುಪಾಸಿನ ವಿದ್ಯುತ್ ಹರಿದಾಗ ಜೆನಾನ್ ಅತಿನೇರಳೆ ಕಿರಣ ಉಗುಳುತ್ತದೆ, ಅದು ಕೋಶದ ಗೋಡೆಗೆ ಬಳಿದ ಕೆಂಪು, ಹಸಿರು ಅಥವಾ ನೀಲಿ ಫಾಸ್ಫರನ್ನು ಬೆಳಗಿಸುತ್ತದೆ. 1920×1080 ಬಿಂದುಗಳ ಪರದೆಯಲ್ಲಿ ಬಿಂದುವಿಗೆ ಮೂರರಂತೆ 62 ಲಕ್ಷಕ್ಕೂ ಹೆಚ್ಚು ಕೋಶ. ಹಿಂದೆ ಬೇರೆ ದೀಪವಿಲ್ಲ. ಕೋಶವೇ ದೀಪ, ಕೋಶವೇ ಚಿತ್ರ.

ಇದನ್ನು ಮೊದಲು ಮಾಡಿದ್ದು ಟಿವಿಗಾಗಿ ಅಲ್ಲ. 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೋ ಮತ್ತು ಅವರ ವಿದ್ಯಾರ್ಥಿ ರಾಬರ್ಟ್ ವಿಲ್ಸನ್ 'ಪ್ಲೇಟೊ' ಎಂಬ ಕಂಪ್ಯೂಟರ್ ಕಲಿಕಾ ವ್ಯವಸ್ಥೆಗೆ ಪರದೆ ಬೇಕಾಗಿ ಇದನ್ನು ಕಟ್ಟಿದರು. ಒಮ್ಮೆ ಹೊತ್ತಿಸಿದ ಬಿಂದು ಆರಿಸುವ ತನಕ ಉರಿಯುತ್ತಲೇ ಇರುವುದರಿಂದ, ಆ ಕಾಲಕ್ಕೆ ಬಲು ದುಬಾರಿಯಾಗಿದ್ದ ಮೆಮೊರಿ ಉಳಿಯುತ್ತಿತ್ತು. ಬಣ್ಣ ಮಾತ್ರ ಒಂದೇ, ನಿಯಾನಿನ ಕಿತ್ತಳೆ. ಫುಜಿತ್ಸು 1992ರಲ್ಲಿ 21 ಇಂಚಿನ ಪೂರ್ಣವರ್ಣದ ಪ್ಯಾನೆಲ್ ತಂದ ಮೇಲೆಯೇ ಗೋಡೆಗೆ ನೇತುಹಾಕುವ ಟಿವಿಯ ಕನಸಿಗೆ ಮೈ ಬಂತು. 1997ರಲ್ಲಿ ಫಿಲಿಪ್ಸ್‌ನ 42 ಇಂಚಿನ ಸೆಟ್ ಅಮೆರಿಕದ ಅಂಗಡಿಗಳಿಗೆ ಬಂದಾಗ ಅದರ ಬೆಲೆ 15,000 ಡಾಲರ್. ಬಿಂದುಗಳು ಬರೀ 852×480.

ಪ್ಲಾಸ್ಮಾ ಕೋಶಕ್ಕೆ ಅರ್ಧ ಬೆಳಗಲು ಬರುವುದಿಲ್ಲ. ಹೊತ್ತಿರುತ್ತದೆ, ಇಲ್ಲವೇ ಆರಿರುತ್ತದೆ. ಹಾಗಾದರೆ ಬೂದು ಬಣ್ಣ ಬರುವುದು ಹೇಗೆ? ಒಂದು ಚೌಕಟ್ಟಿಗೆ (ಫ್ರೇಮಿಗೆ) ಸಿಗುವ ಸೆಕೆಂಡಿನ ಐವತ್ತನೇ ಒಂದು ಭಾಗವನ್ನು, ಅಂದರೆ 20 ಮಿಲಿಸೆಕೆಂಡನ್ನು, ಎಂಟು ತುಂಡು ಮಾಡಿ, ಎಷ್ಟು ಉರಿಯಬೇಕು ಎಂದು 1, 2, 4, 8 ಹೀಗೆ 128ರವರೆಗೆ ತೂಕ ಕೊಡುತ್ತಾರೆ. ಯಾವ ಯಾವ ತುಂಡಿನಲ್ಲಿ ಕೋಶ ಉರಿಯಿತು ಎನ್ನುವುದನ್ನು ಕಣ್ಣು ಕೂಡಿಸಿಕೊಂಡು 256 ಮಟ್ಟದ ಬೆಳಕಾಗಿ ಓದುತ್ತದೆ. ತೊಡಕು ಇರುವುದು 127 ಮತ್ತು 128ರ ನಡುವೆ. ಬೆಳಕಿನ ಲೆಕ್ಕದಲ್ಲಿ ಎರಡಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ. ಆದರೆ 127ಕ್ಕೆ ಮೊದಲ ಏಳು ತುಂಡು ಉರಿಯುತ್ತವೆ, 128ಕ್ಕೆ ಕೊನೆಯದೊಂದೇ. ಚಿತ್ರದಲ್ಲಿರುವ ಮುಖ ಪಕ್ಕಕ್ಕೆ ತಿರುಗಿದಾಗ ಅದನ್ನು ಹಿಂಬಾಲಿಸುವ ಕಣ್ಣು ಈ ತುಂಡುಗಳನ್ನು ತಪ್ಪಾಗಿ ಕೂಡಿಸಿ, ಕೆನ್ನೆಯ ಮೇಲೆ ಭೂಪಟದ ಗೆರೆಗಳಂಥ ಪಟ್ಟೆ ಕಾಣಿಸುತ್ತಿತ್ತು. ಮುಂದೆ ತುಂಡುಗಳನ್ನು 10, 12ಕ್ಕೆ ಏರಿಸಿ, ತೂಕಗಳನ್ನು ಬೇರೆ ರೀತಿ ಹಂಚಿ ಇದನ್ನು ಬಹುಮಟ್ಟಿಗೆ ಅಡಗಿಸಿದರು. ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾಗುತ್ತಿದ್ದ '600 ಹರ್ಟ್ಜ್' ಇದೇ: ಸೆಕೆಂಡಿಗೆ 50 ಚೌಕಟ್ಟು, ಒಂದೊಂದಕ್ಕೆ 12 ತುಂಡು; ಇಲ್ಲವೇ 60 ಚೌಕಟ್ಟು, ಒಂದೊಂದಕ್ಕೆ 10. ಸೆಕೆಂಡಿಗೆ 600 ಚಿತ್ರ ಬರುತ್ತದೆ ಎಂದು ಮಾರಿದವರೂ ಇದ್ದರು, ನಂಬಿ ಕೊಂಡವರೂ ಇದ್ದರು.

ಕಪ್ಪು ಇನ್ನೊಂದು ಸವಾಲು. ಕೋಶ ಬೇಗ ಹೊತ್ತಿಕೊಳ್ಳಲಿ ಎಂದು ಪ್ರತಿ ಚೌಕಟ್ಟಿಗೂ ಮೊದಲೇ ಒಂದು ಸಣ್ಣ ಕಿಡಿ ಕೊಡಬೇಕು, ಆ ಕಿಡಿಯೇ ಕಪ್ಪನ್ನು ನಸುಬೂದು ಮಾಡುತ್ತಿತ್ತು. ಪಯೊನಿಯರ್ 2007ರಲ್ಲಿ ತಂದ 'ಕುರೊ' ಸರಣಿ ಈ ಕಿಡಿಯನ್ನು ತೀರಾ ಕಡಿಮೆ ಮಾಡಿತು. ಜಪಾನಿ ಭಾಷೆಯಲ್ಲಿ ಕುರೊ ಎಂದರೆ ಕಪ್ಪು ಎಂದೇ ಅರ್ಥ. ಕತ್ತಲ ಕೋಣೆಯಲ್ಲಿ ಅದರ ಎದುರು ಆಗಿನ ಎಲ್‌ಸಿಡಿ (ಹಿಂದಿನ ದೀಪದ ಬೆಳಕನ್ನು ಮುಂದಿನ ಪದರ ತಡೆದೋ ಬಿಟ್ಟೋ ಚಿತ್ರ ಮೂಡಿಸುವ ಟಿವಿ) ನಿಲ್ಲುವಂತಿರಲಿಲ್ಲ: ಎಲ್‌ಸಿಡಿಯ ಕಪ್ಪು ಹಿಂದಿನ ದೀಪ ಸೋರಿ ನೀಲಿಬೂದಾಗುತ್ತಿತ್ತು, ಪಕ್ಕದಿಂದ ನೋಡಿದರೆ ಬಣ್ಣ ಕೆಡುತ್ತಿತ್ತು, ಚೆಂಡು ಓಡಿದರೆ ಬಾಲ ಮೂಡುತ್ತಿತ್ತು. ಆದರೂ 2009ರ ಫೆಬ್ರುವರಿಯಲ್ಲಿ ಪಯೊನಿಯರ್ ಟಿವಿ ವ್ಯಾಪಾರವನ್ನೇ ಬಿಡುವುದಾಗಿ ಹೇಳಬೇಕಾಯಿತು.

ಯಾಕೆಂದರೆ ಟಿವಿ ಮಾರಾಟವಾಗುವುದು ಕತ್ತಲ ಕೋಣೆಯಲ್ಲಲ್ಲ. ಶೋರೂಮಿನಲ್ಲಿ ತಲೆಯ ಮೇಲೆ ಸಾಲು ಸಾಲು ದೀಪ, ಒಂದೇ ಗೋಡೆಯಲ್ಲಿ ಮೂವತ್ತು ಸೆಟ್. ಪ್ಲಾಸ್ಮಾದ ಮುಂಗಾಜಿನಲ್ಲಿ ಎದುರಿನ ದೀಪಗಳೆಲ್ಲ ಪ್ರತಿಫಲಿಸುತ್ತಿದ್ದವು. ಜೊತೆಗೆ, ಪರದೆ ತುಂಬ ಬಿಳಿ ಬಂದರೆ ಎಲ್ಲ ಕೋಶವೂ ಒಟ್ಟಿಗೆ ಉರಿಯಬೇಕಾಗಿ ಪವರ್ ಸಪ್ಲೈ ತಡೆಯಲಾರದು. ಹಾಗಾಗಿ ಸೆಟ್ ತಾನೇ ಬೆಳಕು ತಗ್ಗಿಸುತ್ತಿತ್ತು. ಹಿಮದ ದೃಶ್ಯ, ಐಸ್ ಹಾಕಿ ಮೈದಾನ, ಜಾಹೀರಾತಿನ ಬಿಳಿ ಹಿನ್ನೆಲೆ ಬಂದಾಗ ಪಕ್ಕದ ಎಲ್‌ಸಿಡಿ ಥಳಥಳ, ಪ್ಲಾಸ್ಮಾ ಮಂಕು. ಗಿರಾಕಿಯ ಕಣ್ಣು ಯಾವುದರ ಮೇಲೆ ನಿಲ್ಲುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಕರೆಂಟಿನ ಲೆಕ್ಕ ಮನೆಗೆ ಬಂದ ಮೇಲೆ ತಿಳಿಯುತ್ತಿತ್ತು. ಉದ್ದನೆಯ ಟ್ಯೂಬ್‌ಲೈಟ್ ಒಂದು ವ್ಯಾಟಿಗೆ 70–80 ಲ್ಯೂಮೆನ್ ಬೆಳಕು ಕೊಟ್ಟರೆ, ಅದೇ ತತ್ವದ ಪ್ಲಾಸ್ಮಾ ಕೋಶ ಒಂದಂಕಿ ದಾಟಲಿಲ್ಲ. ಕಿಡಿ ಹಾರುವ ದೂರ ಅಷ್ಟು ಗಿಡ್ಡವಾದಾಗ ಶಕ್ತಿಯ ಬಹುಪಾಲು ಬೆಳಕಾಗದೆ ಬಿಸಿಯಾಗಿ ಹೋಗುತ್ತದೆ. 50 ಇಂಚಿನ ಪ್ಲಾಸ್ಮಾ 250 ವ್ಯಾಟ್, ಅದೇ ಅಳತೆಯ, ಎಲ್‌ಇಡಿ ದೀಪದ ಎಲ್‌ಸಿಡಿ ಸೆಟ್ 80 ವ್ಯಾಟ್ ಎಂದಿಟ್ಟುಕೊಳ್ಳಿ. ದಿನಕ್ಕೆ 5 ಗಂಟೆ ನೋಡಿದರೆ ತಿಂಗಳಿಗೆ 25 ಯೂನಿಟ್ಟಿನ ಅಂತರ. ಯೂನಿಟ್ಟಿಗೆ 7 ರೂಪಾಯಿಯಾದರೆ 175 ರೂಪಾಯಿ. ಮನೆಗೆ ಇದು ಸಣ್ಣ ಮೊತ್ತ ಅನ್ನಿಸಬಹುದು, ಸರ್ಕಾರಗಳಿಗೆ ಅನ್ನಿಸಲಿಲ್ಲ. ಕ್ಯಾಲಿಫೋರ್ನಿಯ 2009ರಲ್ಲಿ ಟಿವಿಗಳ ವಿದ್ಯುತ್ ಬಳಕೆಗೆ ಮಿತಿ ಹಾಕಿ 2011ರಿಂದ ಜಾರಿಗೆ ತಂದಿತು.

ಎಲ್‌ಸಿಡಿ ಬೆಳಕು ಉಳಿಸುವುದರಲ್ಲಿ ದೊಡ್ಡ ಜಾಣನೇನಲ್ಲ. ಹಿಂದಿನ ದೀಪದ ಬೆಳಕಿನಲ್ಲಿ ಹತ್ತನೇ ಒಂದು ಪಾಲನ್ನೂ ಅದು ಹೊರಬಿಡುವುದಿಲ್ಲ. ಆದರೆ ಅದರಲ್ಲಿ ದೀಪ ಬೇರೆ, ಚಿತ್ರ ಬೇರೆ. 2009ರ ಹೊತ್ತಿಗೆ ತೆಳು ಟ್ಯೂಬುಗಳನ್ನು ತೆಗೆದು ಎಲ್‌ಇಡಿ ಇಟ್ಟರು. ಪ್ಯಾನೆಲ್ ಹಾಗೇ ಉಳಿದು, ಕರೆಂಟು ಇಳಿದು, ಸೆಟ್ ತೆಳ್ಳಗಾಯಿತು. ಎಲ್‌ಇಡಿ ಉದ್ಯಮ ತನ್ನ ಪಾಡಿಗೆ ಸುಧಾರಿಸಿದಷ್ಟೂ ಲಾಭ ಎಲ್‌ಸಿಡಿಗೆ. ಪ್ಲಾಸ್ಮಾದಲ್ಲಿ ದೀಪ ಬದಲಿಸಬೇಕೆಂದರೆ ಪರದೆಯನ್ನೇ ಬದಲಿಸಬೇಕು.

ಚಿಕ್ಕದಾಗಲೂ ಅದಕ್ಕೆ ಬರಲಿಲ್ಲ. 50 ಇಂಚಿನ ಪೂರ್ಣ ಎಚ್‌ಡಿ ಪರದೆಯಲ್ಲಿ ಒಂದು ಕೋಶದ ಅಗಲ ಸುಮಾರು 0.19 ಮಿ.ಮೀ. ಕೋಶಗಳ ನಡುವಿನ ಗೋಡೆ 0.05 ಮಿ.ಮೀ. ಎಂದಿಟ್ಟುಕೊಂಡರೆ ಬೆಳಗಲು ಮುಕ್ಕಾಲು ಭಾಗ ಉಳಿಯುತ್ತದೆ. ಅದೇ ಅಳತೆಯಲ್ಲಿ 4ಕೆ (ಅಡ್ಡಕ್ಕೂ ಉದ್ದಕ್ಕೂ ಇಮ್ಮಡಿ ಬಿಂದು) ಮಾಡಹೊರಟರೆ ಕೋಶ 0.096 ಮಿ.ಮೀ.ಗೆ ಇಳಿದು, ಅರ್ಧಕ್ಕಿಂತ ಹೆಚ್ಚು ಜಾಗವನ್ನು ಗೋಡೆಯೇ ನುಂಗುತ್ತದೆ. ಪ್ಯಾನಸೋನಿಕ್ 4ಕೆ ಪ್ಲಾಸ್ಮಾ ತೋರಿಸಿದ್ದು ನಿಜ, ಆದರೆ 152 ಇಂಚಿನಲ್ಲಿ. ಇತ್ತ ಭಾರತದ ಮನೆಗಳು 21 ಇಂಚಿನ ಪಿಕ್ಚರ್ ಟ್ಯೂಬ್ ಟಿವಿಯಿಂದ ಹೊರಟು 22, 24, 32 ಇಂಚಿಗೆ ಬರುತ್ತಿದ್ದವು. 42ಕ್ಕಿಂತ ಕೆಳಗೆ ಪ್ಲಾಸ್ಮಾ ಅಪರೂಪ. ಎಲ್‌ಸಿಡಿಯೋ ಲ್ಯಾಪ್‌ಟಾಪ್, ಮಾನಿಟರ್, ಫೋನ್ ಎಲ್ಲದರಲ್ಲೂ ಇತ್ತು. ಅಲ್ಲಿ ಇಳಿದ ಖರ್ಚು ಟಿವಿಗೂ ಇಳಿಯಿತು. 2010ರಲ್ಲಿ ಪ್ಲಾಸ್ಮಾ ತನ್ನ ಶಿಖರ ಮುಟ್ಟಿದಾಗ ಜಗತ್ತಿನಲ್ಲಿ ಮಾರಾಟವಾದದ್ದು ಸುಮಾರು 1.8 ಕೋಟಿ ಸೆಟ್. ಎಲ್‌ಸಿಡಿ ಅದರ ಹತ್ತು ಪಟ್ಟು. ಪ್ಯಾನಸೋನಿಕ್ ಸಾವಿರಾರು ಕೋಟಿ ಯೆನ್ ಸುರಿದು ಅಮಗಸಾಕಿಯಲ್ಲಿ ಕಟ್ಟಿದ ಐದನೇ ಕಾರ್ಖಾನೆ 2009ರ ಕೊನೆಗೆ ಶುರುವಾಯಿತು. 2011ರ ಅಕ್ಟೋಬರಿನಲ್ಲೇ ಅದನ್ನು ನಿಲ್ಲಿಸುವ ತೀರ್ಮಾನವಾಯಿತು.

ಕೆಲವು ದೂರುಗಳು ಊಹಾಪೋಹದಿಂದ ಉಬ್ಬಿದವು. ಅನಿಲ ಸೋರುತ್ತದೆ, ತುಂಬಿಸಬೇಕು ಎಂಬ ಮಾತು ಶುದ್ಧ ಸುಳ್ಳು. ಎತ್ತರದ ಊರುಗಳಲ್ಲಿ ಗುಂಯ್‌ಗುಟ್ಟುತ್ತದೆ ಎನ್ನುವುದು ನಿಜ: ಹೊರಗಿನ ಗಾಳಿಯ ಒತ್ತಡ ಕಡಿಮೆಯಾದಾಗ ಗಾಜುಗಳ ಬಿಗಿ ಸಡಿಲವಾಗುತ್ತದೆ. ಈ ಮಿತಿ ಸಾಮಾನ್ಯವಾಗಿ 2,000 ಮೀಟರಿನ ಮೇಲೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೇ 1,930 ಮೀಟರ್ ಆದ್ದರಿಂದ ಕರ್ನಾಟಕದಲ್ಲಿ ಆ ಚಿಂತೆಯಿಲ್ಲ. ಅಚ್ಚು ಉಳಿಯುವ ತೊಂದರೆಯೂ ನಿಜವೇ. ಸುದ್ದಿ ವಾಹಿನಿಯ ಲೋಗೊ, ಕ್ರಿಕೆಟ್ ಸ್ಕೋರಿನ ಪಟ್ಟಿ ದಿನವಿಡೀ ಒಂದೇ ಕಡೆ ಇದ್ದರೆ ಅಲ್ಲಿನ ಫಾಸ್ಫರ್ ಬೇಗ ಸವೆಯುತ್ತದೆ. ಕೊನೆಯ ವರ್ಷಗಳ ಪ್ಯಾನೆಲ್‌ಗಳಲ್ಲಿ ಇದು ಬಹಳ ತಗ್ಗಿತ್ತು, ಆದರೆ ಕೆಟ್ಟ ಹೆಸರು ತಗ್ಗಲಿಲ್ಲ.

ಇದೇ ದೋಷ ಓಎಲ್‌ಇಡಿಗೂ ಇದೆ. ಅದೂ ತಾನೇ ಬೆಳಗುವ ಬಿಂದುಗಳ ಪರದೆ, ಅದೂ ತುಂಬುಬಿಳಿಯಲ್ಲಿ ಮಂಕಾಗುತ್ತದೆ. ಆದರೆ ಅದರ ಬಿಂದು ಅರ್ಧವೂ ಬೆಳಗಬಲ್ಲದು, ಪೂರ್ತಿ ಆರಬಲ್ಲದು, ಫೋನಿನ ಪರದೆಯಷ್ಟು ಚಿಕ್ಕದಾಗಬಲ್ಲದು. ಪ್ಲಾಸ್ಮಾ ಮೆಚ್ಚಿದವರು ಈಗ ಸೆಟ್ ಕೊಳ್ಳುವುದಾದರೆ ನೋಡಬೇಕಾದದ್ದು ಅದನ್ನೇ. ಹಗಲು ಬೆಳಕು ತುಂಬಿದ ಹಜಾರಕ್ಕಾದರೆ ಮಿನಿ ಎಲ್‌ಇಡಿ, ಅಂದರೆ ಹಿಂದೆ ಪುಟ್ಟ ಪುಟ್ಟ ಎಲ್‌ಇಡಿ ದೀಪಗಳಿರುವ ಎಲ್‌ಸಿಡಿ, ವಾಸಿ.

ಮನೆಯಲ್ಲಿ ಇನ್ನೂ ಪ್ಲಾಸ್ಮಾ ಓಡುತ್ತಿದ್ದರೆ, ಕೆಟ್ಟ ಕೂಡಲೇ ಗುಜರಿಗೆ ಹಾಕಬೇಕಾಗಿಲ್ಲ. ಧ್ವನಿ ಬಂದು ಚಿತ್ರ ಬಾರದಿದ್ದರೆ ಮೊದಲ ಅನುಮಾನ ಕೋಶಗಳನ್ನು ಉರಿಸುವ ವೋಲ್ಟೇಜ್ ಕೊಡುವ ವೈ-ಸಸ್ಟೇನ್ ಬೋರ್ಡಿನ ಮೇಲೆ. ಪ್ಲಗ್ ಕಿತ್ತು ಕೆಲವು ನಿಮಿಷ ಬಿಟ್ಟು, ದೊಡ್ಡ ಕೆಪಾಸಿಟರುಗಳಲ್ಲಿ ಚಾರ್ಜ್ ಇಳಿದಿದೆ ಎಂದು ಮಲ್ಟಿಮೀಟರಿನಲ್ಲಿ ನೋಡಿಕೊಳ್ಳದೆ ಕೈ ಹಾಕಬಾರದು. 200 ವೋಲ್ಟ್ ಡಿಸಿ ತಮಾಷೆಯಲ್ಲ. ಬೋರ್ಡನ್ನು ಬಿಡಿಸಿ, 'ವಿಎಸ್' (ಕೋಶ ಉರಿಸುವ ವೋಲ್ಟೇಜ್) ಗೆರೆಗೂ ಗ್ರೌಂಡಿಗೂ ನಡುವೆ ಓಮ್ ಅಳೆದಾಗ ಸೊನ್ನೆಯ ಹತ್ತಿರ ಬಂದರೆ ಅಲ್ಲಿನ ಟ್ರಾನ್ಸಿಸ್ಟರ್ ಶಾರ್ಟ್ ಆಗಿದೆ. ಹೊಸ ಬೋರ್ಡ್ ಹಾಕುವ ಮುನ್ನ ಅದಕ್ಕೆ ಅಂಟಿಕೊಂಡ, ವೋಲ್ಟೇಜನ್ನು ಪರದೆಯ ಸಾಲುಗಳಿಗೆ ಹಂಚುವ ಬಫರ್ ಬೋರ್ಡನ್ನೂ ಪರೀಕ್ಷಿಸಬೇಕು, ಇಲ್ಲದಿದ್ದರೆ ಹೊಸದೂ ಹೊತ್ತಿಸಿದ ಕ್ಷಣವೇ ಸುಡುತ್ತದೆ. ಆಮೇಲೆ ಪ್ಯಾನೆಲ್ಲಿನ ಬೆನ್ನಿಗಂಟಿಸಿದ ಚೀಟಿಯಲ್ಲಿರುವ ವಿಎಸ್, ವಿಎ (ಉರಿಯಬೇಕಾದ ಕೋಶವನ್ನು ಆರಿಸುವ) ವೋಲ್ಟೇಜುಗಳಿಗೆ ಸಪ್ಲೈಯ ತಿರುಗುಗುಂಡಿಗಳನ್ನು ಹೊಂದಿಸಬೇಕು. ಪ್ರತಿ ಪ್ಯಾನೆಲ್ಲಿಗೂ ಅಂಕಿ ಬೇರೆ. ಪರದೆಯಲ್ಲಿ ಕೆಂಪು, ಹಸಿರು ಚುಕ್ಕಿಗಳು ಮಿಣುಕುತ್ತಿದ್ದರೆ ಹಲವು ಸಲ ಈ ಹೊಂದಾಣಿಕೆಯೇ ಸಾಕು. ಆದರೆ ಮೇಲಿಂದ ಕೆಳಗೆ ನೇರ ಗೆರೆ ಬಿದ್ದಿದ್ದರೆ ಗಾಜಿಗೆ ಬೆಸೆದ ರಿಬ್ಬನ್ ಕೆಟ್ಟಿದೆ ಎಂದು ತಿಳಿಯಿರಿ; ಅದಕ್ಕೆ ಕಾಸು ಸುರಿಯಬೇಡಿ. ಸಾಗಿಸುವಾಗ ಸೆಟ್ಟನ್ನು ನಿಲ್ಲಿಸಿಯೇ ಒಯ್ಯಬೇಕು. ಮಲಗಿಸಿದರೆ ದಾರಿಯ ಒಂದು ಗುಂಡಿಗೆ ಗಾಜು ಬಿರಿಯುತ್ತದೆ, ಬದಲಿ ಗಾಜು ಈಗ ಯಾರೂ ಮಾಡುತ್ತಿಲ್ಲ.