ಶೇಂಗಾ ಸುಲಿಯುತ್ತಾ ರ‍್ಯಾಂಡಮ್ ವೇರಿಯಬಲ್

ಮೊದಲ ಪಿಯುಸಿ ಸಂಖ್ಯಾಶಾಸ್ತ್ರದಲ್ಲಿ ಒಂದು ಪಾಠ ಇದೆ. ಮಕ್ಕಳು ಲೆಕ್ಕ ಸರಿಯಾಗಿ ಮಾಡುತ್ತಾರೆ, ಪೂರ್ತಿ ಅಂಕವನ್ನೂ ತಗೊಳ್ಳುತ್ತಾರೆ. ಆದರೆ ಮಾಡಿದ್ದು ಏನು ಅಂತ ಗೊತ್ತಿರುವುದಿಲ್ಲ. ಅದೇ ರ‍್ಯಾಂಡಮ್ ವೇರಿಯಬಲ್. ಟೇಬಲ್ ಕೊಟ್ಟರೆ ಗುಣಿಸಿ, ಕೂಡಿ, ಸರಾಸರಿ ಬರೆದುಬಿಡುತ್ತಾರೆ. "ಇಲ್ಲಿ ಎಕ್ಸ್ ಅಂದ್ರೆ ಏನಪ್ಪಾ?" ಅಂತ ಕೇಳಿದರೆ "ಕಂಡುಹಿಡಿಬೇಕಾದ ಸಂಖ್ಯೆ ಸಾರ್" ಅನ್ನುತ್ತಾರೆ.

ತಪ್ಪು ಅವರದ್ದಲ್ಲ. ಹೈಸ್ಕೂಲಿನಿಂದ ಅವರು ನೋಡಿದ್ದು ಬೀಜಗಣಿತದ ಎಕ್ಸ್. ಸಮೀಕರಣ ಬಿಡಿಸಿದರೆ ಅದರ ಬೆಲೆ ಸಿಗುತ್ತದೆ, ಅಲ್ಲಿಗೆ ಕೆಲಸ ಮುಗಿಯಿತು. ರ‍್ಯಾಂಡಮ್ ವೇರಿಯಬಲ್ ಅಂಥದ್ದಲ್ಲ. ಅದೊಂದು ನಿಯಮ. ಪ್ರಯೋಗದಲ್ಲಿ ಏನು ಬಂದರೆ ಅದಕ್ಕೆ ಯಾವ ಸಂಖ್ಯೆ ಕೊಡಬೇಕು ಅಂತ ಮೊದಲೇ ಗೊತ್ತುಮಾಡಿಟ್ಟ ನಿಯಮ. ರಷ್ಯಾದ ಗಣಿತಜ್ಞ ಆಂದ್ರೇ ಕೊಲ್ಮೊಗೊರೊವ್ 1933ರಲ್ಲಿ ಸಂಭವನೀಯತೆಗೆ ಗಟ್ಟಿ ಬುನಾದಿ ಹಾಕಿದಾಗಲೂ ಇದನ್ನು ಒಂದು ಫಂಕ್ಷನ್, ಅಂದರೆ ಇಂಥದ್ದೇ ನಿಯಮ, ಅಂತಲೇ ಹೇಳಿದರು.

ನಮ್ಮಲ್ಲಿ ಹೆಚ್ಚಿನವರು ಪಾಠ ಶುರು ಮಾಡುವುದು ದಾಳದಿಂದ. ನನ್ನ ಪ್ರಕಾರ ತೊಡಕು ಅಲ್ಲೇ ಇದೆ. ದಾಳದ ಮುಖದ ಮೇಲೆ ಸಂಖ್ಯೆ ಆಗಲೇ ಇರುತ್ತದೆ. ಬಿದ್ದ ಮುಖವೂ ನಾಲ್ಕು, ಎಕ್ಸ್ ಬೆಲೆಯೂ ನಾಲ್ಕು. ಇವೆರಡೂ ಬೇರೆ ಬೇರೆ ಅಂತ ಹುಡುಗರಿಗೆ ಹೊಳೆಯುವುದಾದರೂ ಹೇಗೆ?

ನಾನು ಪಾಠ ಮಾಡುವುದು ಚಿತ್ರದುರ್ಗ ಜಿಲ್ಲೆಯಲ್ಲಿ. ಚಳ್ಳಕೆರೆ ಅಂದರೆ ಶೇಂಗಾ, ಶೇಂಗಾ ಅಂದರೆ ಎಣ್ಣೆ ಮಿಲ್ಲು. ಹಾಗಾಗಿ ಕ್ಲಾಸಿಗೆ ಒಂದು ಚೀಲ ಹಸಿ ಶೇಂಗಾ ತರಿಸುತ್ತೇನೆ. ಕಣ್ಣು ಮುಚ್ಚಿ ಒಂದು ಕಾಯಿ ತೆಗೆಯುವುದೇ ಪ್ರಯೋಗ. ಕೈಗೆ ಬಂದ ಆ ಕಾಯಿಯೇ ಫಲಿತ, ಅದರ ಮೇಲೆ ಯಾವ ಸಂಖ್ಯೆಯೂ ಬರೆದಿಲ್ಲ. ಸಂಖ್ಯೆ ಕೊಡುವವರು ನಾವು. ಒಳಗಿನ ಬೀಜ ಎಣಿಸಿದರೆ ಒಂದು ವೇರಿಯಬಲ್. ಕಾಯಿಯ ತೂಕ ಗ್ರಾಂನಲ್ಲಿ ತೆಗೆದರೆ ಇನ್ನೊಂದು. ಜೊಳ್ಳಾಗಿದ್ದರೆ 1, ಇಲ್ಲದಿದ್ದರೆ 0 ಅಂತ ಬರೆದರೆ ಮತ್ತೊಂದು. ಕಾಯಿ ಒಂದೇ, ವೇರಿಯಬಲ್ ಮೂರು. ಇಷ್ಟು ಕಣ್ಣಾರೆ ಕಂಡ ಮೇಲೆ "ಎಕ್ಸ್ ಒಂದು ನಿಯಮ" ಅನ್ನುವ ಮಾತಿಗೆ ವಿವರಣೆ ಜಾಸ್ತಿ ಬೇಕಾಗುವುದಿಲ್ಲ.

ಕ್ಯಾಪಿಟಲ್ ಎಕ್ಸ್, ಸ್ಮಾಲ್ ಎಕ್ಸ್ ಗೊಂದಲವನ್ನೂ ಇಲ್ಲೇ ಬಿಡಿಸಬಹುದು. ಕಾಯಿ ಸುಲಿಯುವ ಮುಂಚೆ "ಇದರಲ್ಲಿ ಎಷ್ಟು ಬೀಜ ಇರಬಹುದು" ಅಂತ ಕೇಳುವಾಗ ಇರುವುದು ಕ್ಯಾಪಿಟಲ್ ಎಕ್ಸ್. ಸುಲಿದ ಮೇಲೆ "ಎರಡು" ಅಂತ ಬರೆದದ್ದು ಸ್ಮಾಲ್ ಎಕ್ಸ್.

ಈಗ ಟೇಬಲ್. ಲೆಕ್ಕ ಸುಲಭವಾಗಲಿ ಅಂತ 100 ಕಾಯಿ ಸುಲಿದೆವು ಅಂದುಕೊಳ್ಳೋಣ. 5 ಜೊಳ್ಳು, 20ರಲ್ಲಿ ಒಂದು ಬೀಜ, 65ರಲ್ಲಿ ಎರಡು, 10ರಲ್ಲಿ ಮೂರು. ಒಂದೊಂದನ್ನೂ 100ರಿಂದ ಭಾಗಿಸಿದರೆ ಅದರ ಸಂಭವನೀಯತೆ. ಎಷ್ಟೋ ಮಕ್ಕಳು ಜೊಳ್ಳನ್ನು ಎಸೆದುಬಿಡುತ್ತಾರೆ, ಅದರಲ್ಲಿ ಬೀಜವೇ ಇಲ್ಲವಲ್ಲ ಅಂತ. ಸೊನ್ನೆಯೂ ಒಂದು ಬೆಲೆ, ಅದಕ್ಕೂ ಟೇಬಲ್‌ನಲ್ಲಿ ಒಂದು ಸಾಲು ಬೇಕು. ಇಲ್ಲದಿದ್ದರೆ ಸಂಭವನೀಯತೆಗಳ ಮೊತ್ತ 0.95ಕ್ಕೇ ನಿಲ್ಲುತ್ತದೆ, 1 ಆಗುವುದಿಲ್ಲ.

ಈ ಟೇಬಲ್‌ನ ಸರಾಸರಿ, ಅಂದರೆ ನಿರೀಕ್ಷಿತ ಬೆಲೆ, 1.8. "1.8 ಬೀಜ ಇರೋ ಕಾಯಿ ಯಾವುದು, ತೋರಿಸಮ್ಮಾ" ಅಂತ ಕೇಳುತ್ತೇನೆ. ಅಂಥ ಕಾಯಿ ಇಲ್ಲ. ನಿರೀಕ್ಷಿತ ಬೆಲೆ ಅಂದರೆ ಮುಂದಿನ ಕಾಯಿಯಲ್ಲಿ ಇಷ್ಟೇ ಬೀಜ ಸಿಗುತ್ತದೆ ಅಂತಲ್ಲ. ಸಾವಿರಾರು ಕಾಯಿ ಸುಲಿದರೆ ಕಾಯಿಗೆ ಸರಾಸರಿ ಇಷ್ಟರ ಹತ್ತಿರ ಬೀಳುತ್ತದೆ ಅಂತ. ವ್ಯಾಪಾರಿಗೆ ಬೇಕಾದದ್ದೂ ಅದೇ. ಅವನು ಕೊಳ್ಳುವುದು ಒಂದು ಕಾಯಿಯನ್ನಲ್ಲ, ಇಡೀ ಚೀಲವನ್ನು. ಬೆಲೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅಂತ ಅಳೆಯುವ ವೇರಿಯನ್ಸ್ ಲೆಕ್ಕ ಹಾಕಿದರೆ 0.46.

ತೂಕದ ವಿಷಯಕ್ಕೆ ಬಂದರೆ ಟೇಬಲ್ ಸಾಲದು. ಅದರ ಬೆಲೆಗಳನ್ನು ಬೀಜದ ಹಾಗೆ ಎಣಿಸಿ ಪಟ್ಟಿ ಮಾಡಲಾಗದು. ಇಂಥ ನಿರಂತರ ವೇರಿಯಬಲ್ ಹೇಳಲು ನಾನು ಹಿರಿಯೂರಿನ ವಾಣಿವಿಲಾಸ ಸಾಗರ ಡ್ಯಾಮ್‌ಗೆ ಹೋಗುತ್ತೇನೆ. ನೀರಿನ ಮಟ್ಟ 112 ಅಡಿ ಇರಬಹುದು, 112.4 ಇರಬಹುದು, ನಡುವೆ ಏನು ಬೇಕಾದರೂ ಇರಬಹುದು. ಆದ್ದರಿಂದ ಇಷ್ಟು ಅಡಿಯಿಂದ ಇಷ್ಟು ಅಡಿವರೆಗೆ ಅಂತಲೇ ಸಂಭವನೀಯತೆ ಕೇಳಬೇಕು. ಅದೇ ಮಟ್ಟ 130 ಅಡಿ ದಾಟಿದರೆ ಕೋಡಿ, ಅಂದರೆ 1. ಇಲ್ಲದಿದ್ದರೆ 0. 1933ರಲ್ಲಿ ಕೋಡಿ ಬಿದ್ದ ಡ್ಯಾಮ್ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಜಾಣ ಹುಡುಗರು ತಕ್ಷಣ "ಹಾಗಾದ್ರೆ 89ರಲ್ಲಿ 1" ಅನ್ನುತ್ತಾರೆ. ಆದರೆ ಈಗ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಅಲ್ಲಿಗೆ ಬರುತ್ತಿದೆ. ಒಳಹರಿವೇ ಬದಲಾದ ಮೇಲೆ ಹಳೇ ವರ್ಷಗಳ ಲೆಕ್ಕ ಮುಂದಿನ ವರ್ಷಕ್ಕೆ ಹೊಂದುವುದಿಲ್ಲ.

ನಾನು ಜಾಸ್ತಿ ಹೊತ್ತು ಕೊಡುವುದು ಮಾತ್ರ ಇನ್ನೊಂದು ಪ್ರಶ್ನೆಗೆ. ಒಂದು ಕಾಯಿಯ ಬೀಜ ಎಣಿಸಿ ಎರಡರಿಂದ ಗುಣಿಸುವುದೂ, ಎರಡು ಕಾಯಿ ಸುಲಿದು ಬೀಜ ಕೂಡುವುದೂ ಒಂದೇನಾ? ಬೀಜಗಣಿತದ ಅಭ್ಯಾಸದಿಂದ ಎಲ್ಲರೂ "ಒಂದೇ ಸಾರ್" ಅನ್ನುತ್ತಾರೆ. ಸುಮ್ನೆ ವಾದ ಮಾಡುವ ಬದಲು ಎರಡೂ ಟೇಬಲ್ ಬರೆಸಿಬಿಡಿ. ಗುಣಿಸಿದರೆ 0, 2, 4, 6 ಮಾತ್ರ ಬರುತ್ತವೆ. ಮೂರು ಬರುವುದಕ್ಕೆ ಸಾಧ್ಯವೇ ಇಲ್ಲ. ಎರಡು ಕಾಯಿ ಕೂಡಿದರೆ ಮೂರು ಬರುವ ಸಂಭವನೀಯತೆ 0.27. ಗುಣಿಸಿದಾಗ ಆರು ಬರುವ ಸಂಭವನೀಯತೆ 0.10, ಕೂಡಿದಾಗ ಬರೀ 0.01. ಎರಡರ ಸರಾಸರಿಯೂ 3.6, ಅದರಲ್ಲಿ ವ್ಯತ್ಯಾಸ ಇಲ್ಲ. ಆದರೆ ವೇರಿಯನ್ಸ್ ಮೊದಲನೆಯದಕ್ಕೆ 1.84, ಎರಡನೆಯದಕ್ಕೆ 0.92. ಒಂದು ಕಾಯಿ ಜೊಳ್ಳಾದರೂ ಇನ್ನೊಂದು ಸರಿದೂಗಿಸಬಹುದು. ಗುಣಿಸಿದಾಗ ಆ ಆಸರೆ ಇರುವುದಿಲ್ಲ.

ಇಲ್ಲಿ ಒಂದು ಷರತ್ತು ಇದೆ. ಎರಡು ಕಾಯಿ ಒಂದಕ್ಕೊಂದು ಸಂಬಂಧವಿಲ್ಲದೆ ಬಂದಿರಬೇಕು. ಮಳೆ ಕೈಕೊಟ್ಟ ಹೊಲದ ಒಂದೇ ಗಿಡದಿಂದ ಎರಡನ್ನೂ ಕಿತ್ತರೆ ಎರಡೂ ಒಟ್ಟಿಗೆ ಜೊಳ್ಳಾಗುವ ಸಂಭವ ಹೆಚ್ಚು. ಅದಕ್ಕೇ ಚೀಲ ಚೆನ್ನಾಗಿ ಕಲಸಿ ತೆಗೆಸುತ್ತೇನೆ.

ಇದು ಗಟ್ಟಿಯಾದ ಮಕ್ಕಳಿಗೆ ದ್ವಿತೀಯ ಪಿಯುಸಿಯ ಬೈನಾಮಿಯಲ್ ವೇರಿಯನ್ಸ್ ಸೂತ್ರ ಬಾಯಿಪಾಠವಾಗಿ ಉಳಿಯುವುದಿಲ್ಲ. 20 ಕಾಯಿಯಲ್ಲಿ ಜೊಳ್ಳು ಎಷ್ಟು ಅಂದರೆ 20 ಸೊನ್ನೆ-ಒಂದುಗಳ ಮೊತ್ತ. ಒಂದೊಂದರ ವೇರಿಯನ್ಸ್ ಅಂದರೆ ಜೊಳ್ಳಾಗುವ ಸಂಭವನೀಯತೆ 0.05 ಗುಣಿಸು ಆಗದಿರುವ ಸಂಭವನೀಯತೆ 0.95, ಅಂದರೆ 0.0475. ಇಪ್ಪತ್ತೂ ಕೂಡಿದರೆ 0.95. ಒಂದೇ ಕಾಯಿಯನ್ನು 20ರಿಂದ ಗುಣಿಸಿದ್ದರೆ 400 ಪಟ್ಟಾಗಿ 19 ಬರುತ್ತಿತ್ತು. ಸೂತ್ರದಲ್ಲಿ ಎನ್ (ಇಲ್ಲಿ ಕಾಯಿಗಳ ಸಂಖ್ಯೆ 20) ಯಾಕೆ ಒಂದೇ ಸಲ ಇದೆ, ಎನ್ ವರ್ಗ ಯಾಕಿಲ್ಲ ಅನ್ನುವುದಕ್ಕೆ ಉತ್ತರ ಇದೇ.