6/0 ಅಂದರೆ ಎಷ್ಟು ದಪ್ಪ? ಫ್ಲೈ ಕಟ್ಟುವ ದಾರದ ಗೊಂದಲ ಎಲ್ಲಿಂದ ಬಂತು

ಫ್ಲೈ ಕಟ್ಟುವ ವಿಧಾನ ಬರೆದಿಟ್ಟ ಯಾವುದೇ ಹಳೆಯ ಪಟ್ಟಿ ತೆಗೆದು ನೋಡಿ. ಗಾಳದ ಸೈಜು ಇರುತ್ತದೆ. ಯಾವ ಹಕ್ಕಿಯ ಗರಿ, ಅದೂ ಮೈಯ ಯಾವ ಭಾಗದ್ದು ಎಂಬುದೂ ಇರುತ್ತದೆ. ದಾರದ ವಿಷಯಕ್ಕೆ ಬಂದಾಗ ಮಾತ್ರ ‘6/0, ಕಪ್ಪು’ ಎಂದು ಮುಗಿಸಿಬಿಡುತ್ತಾರೆ. ಹೊಸಬರು ಅದನ್ನು ನಂಬಿ 6/0 ಎಂದು ಬರೆದಿರುವ ಉಂಡೆಯನ್ನೇ ತರುತ್ತಾರೆ. ಕಟ್ಟಿ ಮುಗಿಸುವಾಗ ಫ್ಲೈನ ತಲೆ ಊದಿಕೊಂಡಿರುತ್ತದೆ, ಗಾಳದ ಕಣ್ಣು ಅರ್ಧ ಮುಚ್ಚಿರುತ್ತದೆ. ನನ್ನ ಕೈಗೇ ಈ ಕೆಲಸ ಬರಲ್ಲ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ತೊಂದರೆ ಕೈಯದ್ದಲ್ಲ, ಆ ಅಂಕಿಯದ್ದು.

ಗೊತ್ತಿಲ್ಲದವರಿಗೆ ಒಂದು ಮಾತು. ಗರಿ, ಕೂದಲು, ತುಪ್ಪಟಗಳನ್ನು ಗಾಳಕ್ಕೆ ಸುತ್ತಿ ಹುಳುವಿನಂತೆಯೋ ಮರಿಮೀನಿನಂತೆಯೋ ಕಾಣುವ ಹಾಗೆ ಮಾಡಿದ್ದೇ ಫ್ಲೈ. ಇದರಲ್ಲಿ ಅಂಟಿನ ಕೆಲಸ ಕಡಿಮೆ. ಎಲ್ಲವನ್ನೂ ಹಿಡಿದಿಡುವುದು ದಾರದ ಬಿಗಿ ಸುತ್ತುಗಳೇ.

ಕಸುಬು ತುಂಬಾ ಹಳೆಯದು. ಕ್ರಿ.ಶ. 200ರ ಆಸುಪಾಸಿನಲ್ಲಿ ರೋಮನ್ ಲೇಖಕ ಏಲಿಯನ್ ಮ್ಯಾಸಿಡೋನಿಯಾದ ಮೀನುಗಾರರ ಬಗ್ಗೆ ಬರೆದಿದ್ದಾನೆ. ಅವರು ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಅದರ ಮೇಲೆ ಹುಂಜದ ಎರಡು ಗರಿ ಕಟ್ಟುತ್ತಿದ್ದರಂತೆ. 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಮೀನುಗಾರಿಕೆಯ ಬರಹವೊಂದರಲ್ಲಿ 12 ಫ್ಲೈಗಳ ವಿವರ ಇದೆ. ಅಲ್ಲಿಂದ ಇಪ್ಪತ್ತನೇ ಶತಮಾನದ ನಡುವಿನವರೆಗೆ ಈ ಕೆಲಸದಲ್ಲಿ ಹೆಚ್ಚಾಗಿ ನಡೆದದ್ದು ರೇಷ್ಮೆಯದ್ದೇ ಆಟ.

ರೇಷ್ಮೆಗೆ ಇದ್ದ ಮರ್ಯಾದೆ ಗಟ್ಟಿತನಕ್ಕಷ್ಟೇ ಸಿಕ್ಕಿದ್ದಲ್ಲ, ಬಣ್ಣಕ್ಕೂ ಸಿಕ್ಕಿದ್ದು. ಉತ್ತರ ಇಂಗ್ಲೆಂಡಿನ ಹೊಳೆಗಳಲ್ಲಿ ಬಳಸುವ ‘ಪಾರ್ಟ್ರಿಜ್ ಅಂಡ್ ಆರೆಂಜ್’ ಫ್ಲೈಯನ್ನೇ ತೆಗೆದುಕೊಳ್ಳಿ. ಕಿತ್ತಳೆ ರೇಷ್ಮೆಯ ಮೈ, ಕತ್ತಿನ ಸುತ್ತ ಕೌಜುಗದ ಕಂದು ಗರಿ. ಅಷ್ಟೇ. ಇಲ್ಲಿ ದಾರವೇ ಹುಳುವಿನ ಒಡಲು. ನೀರು ತಾಗಿದರೆ ಆ ಕಿತ್ತಳೆ ಗಾಢವಾಗಿ ಕಂದಿನ ಕಡೆಗೆ ತಿರುಗುತ್ತದೆ. ಹಳದಿ ರೇಷ್ಮೆಗೆ ಚಪ್ಪಲಿ ಹೊಲಿಯುವವರ ಕಪ್ಪು ಮೇಣ ಉಜ್ಜಿದರೆ ಮಾಸಲು ಹಸಿರು ಬರುತ್ತದೆ. ಜೇನುಮೇಣ ಉಜ್ಜಿದರೆ ಬೇರೆಯೇ ಛಾಯೆ. ಪಿಯರ್ಸಲ್ಸ್ ಕಂಪನಿಯ ‘ಗಾಸಮರ್’ ರೇಷ್ಮೆಯ ಹೆಸರು ಹೇಳಿದರೆ ಈಗಲೂ ಕೆಲವರ ಕಣ್ಣು ಅರಳುವುದು ಸುಮ್ನೆ ಅಲ್ಲ. ಹಾಗಂತ ರೇಷ್ಮೆಯಲ್ಲಿ ದೋಷವೇ ಇರಲಿಲ್ಲ ಎಂದಲ್ಲ. ತೇವದಲ್ಲಿ ಇಟ್ಟರೆ ಕೊಳೆಯುತ್ತದೆ, ಬಿಸಿಲಿಗೆ ಬಣ್ಣ ಬಿಡುತ್ತದೆ.

1935ರಲ್ಲಿ ಡ್ಯುಪಾಂಟ್ ಕಂಪನಿಯ ವ್ಯಾಲೇಸ್ ಕರೋದರ್ಸ್ ತಂಡ ನೈಲಾನ್ ತಯಾರಿಸಿತು. 1941ರಲ್ಲಿ ಇಂಗ್ಲೆಂಡಿನಲ್ಲಿ ಪಾಲಿಯೆಸ್ಟರ್ ಎಳೆಗೆ ಪೇಟೆಂಟ್ ಅರ್ಜಿ ಬಿತ್ತು. ಯುದ್ಧ ಮುಗಿದ ಮೇಲೆ ಇವೆರಡೂ ಫ್ಲೈ ಕಟ್ಟುವವರ ಮೇಜಿಗೂ ಬಂದವು. ಕೊಳೆಯುವುದಿಲ್ಲ, ಅಷ್ಟೇ ತೆಳುವಿಗೆ ರೇಷ್ಮೆಗಿಂತ ಗಟ್ಟಿ, ಬೆಲೆಯೂ ಕಡಿಮೆ. ಸೋಲಲು ರೇಷ್ಮೆಗೆ ಇನ್ನೇನು ಬೇಕು? (ಇದೇ ಹೊತ್ತಿಗೆ ಇಂಗ್ಲೆಂಡಿನ ಏವನ್ ಹೊಳೆ ಕಾಯುತ್ತಿದ್ದ ಫ್ರಾಂಕ್ ಸಾಯರ್ ದಾರವನ್ನೇ ಕೈಬಿಟ್ಟ. ತನ್ನ ಪ್ರಸಿದ್ಧ ‘ಫೆಸೆಂಟ್ ಟೇಲ್ ನಿಂಫ್’ ಎಂಬ ಫ್ಲೈಯನ್ನು ಬರೀ ತಾಮ್ರದ ತಂತಿಯಲ್ಲಿ ಕಟ್ಟಿದ. ಕಟ್ಟಲೂ ಅದೇ, ಮುಳುಗಿಸುವ ಭಾರಕ್ಕೂ ಅದೇ. ದಾರದ ಜಗಳ ನೋಡುವಾಗೆಲ್ಲ ಅವನೇ ಜಾಣ ಅನ್ನಿಸುತ್ತದೆ.)

ಎಳೆ ಬದಲಾಯಿತು, ಅಳತೆ ಮಾತ್ರ ಬದಲಾಗಲಿಲ್ಲ. ಗೋಜಲು ಶುರುವಾದದ್ದು ಇಲ್ಲಿಯೇ.

ರೇಷ್ಮೆಯ ಕಾಲದಲ್ಲಿ ದಾರದ ತೆಳುವನ್ನು ಸೊನ್ನೆಗಳಲ್ಲಿ ಹೇಳುತ್ತಿದ್ದರು. ಒಂದು ಸೊನ್ನೆ, ಎರಡು ಸೊನ್ನೆ, ಮೂರು ಸೊನ್ನೆ. ಸೊನ್ನೆ ಜಾಸ್ತಿಯಾದಷ್ಟೂ ದಾರ ತೆಳು. ಆರು ಸೊನ್ನೆ ಬರೆಯುವ ಬದಲು 6/0 ಎಂದು ಬರೆದರು. ಇದು ತೂಕವೂ ಅಲ್ಲ, ಉದ್ದವೂ ಅಲ್ಲ, ಅಗಲವೂ ಅಲ್ಲ. ಒಬ್ಬ ತಯಾರಕನ ಸಾಲಿನಲ್ಲಿ ಯಾವುದು ಯಾವುದಕ್ಕಿಂತ ತೆಳು ಎಂದು ಹೇಳುವ ಗುರುತು ಮಾತ್ರ. 6/0 ಇಷ್ಟೇ ಇರಬೇಕು ಎಂದು ಎಲ್ಲರನ್ನೂ ಕಟ್ಟಿಹಾಕುವ ನಿಯಮವೇ ಇರಲಿಲ್ಲ. ತಮಾಷೆ ಏನೆಂದರೆ, ಅದೇ ಮೇಜಿನ ಮೇಲಿರುವ ಗಾಳಕ್ಕೂ ಇದೇ ರೀತಿಯ ಗುರುತಿದೆ, ಆದರೆ ತಿರುಗುಮುರುಗು. ಗಾಳದಲ್ಲಿ 6/0 ಅಂದರೆ ದೈತ್ಯ, ದಾರದಲ್ಲಿ 6/0 ಅಂದರೆ ಸಣ್ಣ ಎಳೆ.

ಹೊಸ ಕಂಪನಿಗಳು ಬಂದಂತೆ ಪ್ರತಿಯೊಬ್ಬರೂ ಇದೇ ಗುರುತನ್ನು ತಮ್ಮ ಲೆಕ್ಕದಲ್ಲಿ ಹಾಕಿಕೊಂಡರು. ಅಮೆರಿಕದ ಡ್ಯಾನ್‌ವಿಲ್ ಕಂಪನಿಯ 6/0 ನೈಲಾನ್ ದಾರ 70 ಡೆನಿಯರ್ (ಇದು ದಾರದ ತೂಕದ ಅಳತೆ, ವಿವರ ಮುಂದೆ ಇದೆ). ಕೆನಡಾದ ಯೂನಿ ಕಂಪನಿಯ 6/0 ಪಾಲಿಯೆಸ್ಟರ್ ದಾರ 136 ಡೆನಿಯರ್. ಎರಡರ ಮೇಲೂ ಇರುವುದು 6/0, ಆದರೆ ಒಂದರ ತೂಕ ಇನ್ನೊಂದರ ಹತ್ತಿರ ಹತ್ತಿರ ಎರಡು ಪಟ್ಟು. ಡ್ಯಾನ್‌ವಿಲ್ 6/0ಗೆ ಯೂನಿಯಲ್ಲಿ ಜೋಡಿ ಬೇಕಿದ್ದರೆ 72 ಡೆನಿಯರ್ ಇರುವ 8/0 ತರಬೇಕು. ಅಂಗಿಯ ವಿಷಯದಲ್ಲಿ ನಾವು ಇದನ್ನು ಒಪ್ಪಿಕೊಂಡಿದ್ದೇವೆ ಬಿಡಿ. ಒಬ್ಬರ ‘ಎಂ’ ಇನ್ನೊಬ್ಬರ ‘ಎಲ್’. ಆದರೆ ಅಂಗಿಯನ್ನು ತೊಟ್ಟು ನೋಡಬಹುದು. ಪಟ್ಟಿಯಲ್ಲಿ ಬರೆದ 6/0 ಅನ್ನು ತೊಟ್ಟು ನೋಡುವುದು ಹೇಗೆ? ಬರೆದವರ ಮೇಜಿನ ಮೇಲೆ ಯಾವ ಕಂಪನಿಯ ಉಂಡೆ ಇತ್ತು ಎಂದು ಗೊತ್ತಿದ್ದರೆ ಮಾತ್ರ ಆ ಅಂಕಿಗೆ ಬೆಲೆ.

ಇದನ್ನು ಸರಿಪಡಿಸಲು ಬಳಕೆಗೆ ಬಂದದ್ದು ಡೆನಿಯರ್ ಲೆಕ್ಕ. 9,000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಇದೂ ರೇಷ್ಮೆಯ ಲೋಕದಿಂದಲೇ ಬಂದ ಅಳತೆ, ಆದರೆ ತೂಗಿ ನೋಡಬಹುದಾದ ಅಳತೆ. ಅಲ್ಟ್ರಾ ಥ್ರೆಡ್‌ನಂಥ ನೈಲಾನ್ ದಾರಗಳು 70, 140, 210, 280 ಎಂದು ನೇರವಾಗಿ ಡೆನಿಯರ್‌ನಲ್ಲೇ ಬಂದವು. ಕೆಲವರು ಎರಡೂ ಅಂಕಿ ಅಚ್ಚು ಹಾಕಿದರು. ಸೊನ್ನೆಗಳ ಲೆಕ್ಕ ಆಗಲೇ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಈಚೆಗೆ ಅದು 16/0 ದಾಟಿಯೂ ಏರಿದೆ.

ಡೆನಿಯರ್ ಬಂದ ಮಾತ್ರಕ್ಕೆ ಎಲ್ಲ ಸರಿಹೋಯಿತು ಎಂದೂ ಅಲ್ಲ. ಅದು ಹೇಳುವುದು ತೂಕ, ದಪ್ಪ ಅಲ್ಲ. ಪಾಲಿಯೆಸ್ಟರ್‌ನ ಸಾಂದ್ರತೆ ಸುಮಾರು 1.38, ನೈಲಾನ್‌ದು 1.14. ‘ಜೆಲ್ ಸ್ಪನ್’ ಎಂದು ಕರೆಯುವ ಪಾಲಿಥಿಲೀನ್ ಎಳೆಯದ್ದು 0.97, ಅಂದರೆ ನೀರಿಗಿಂತ ಹಗುರ. ಹಾಗಾಗಿ 100 ಡೆನಿಯರ್ ಜೆಲ್ ಸ್ಪನ್ ಎಳೆಯನ್ನು ಅಡ್ಡ ಕತ್ತರಿಸಿದರೆ, ಅಷ್ಟೇ ಡೆನಿಯರ್‌ನ ಪಾಲಿಯೆಸ್ಟರ್‌ಗಿಂತ ಸುಮಾರು 40% ಜಾಸ್ತಿ ಜಾಗ ಹಿಡಿದಿರುತ್ತದೆ.

ಇದರ ಮೇಲೆ ಹುರಿಯ ಲೆಕ್ಕ ಬೇರೆ. ಹುರಿ ಕಡಿಮೆ ಇರುವ ದಾರ ಗಾಳದ ಮೇಲೆ ಪಟ್ಟಿಯಂತೆ ಚಪ್ಪಟೆಯಾಗಿ ಕೂರುತ್ತದೆ. ಹುರಿ ಬಿಗಿಯಾಗಿದ್ದರೆ ಗುಂಡಗೆ ಉಬ್ಬಿ ನಿಲ್ಲುತ್ತದೆ. ಬಾಬಿನ್ (ದಾರದ ಉಂಡೆ ಕೂರಿಸಿ, ಕೊಳವೆಯ ಮೂಲಕ ದಾರ ಬಿಡುವ ಕೈ ಸಲಕರಣೆ) ಹಿಡಿದು ಗಾಳಕ್ಕೆ ಸುತ್ತುವಾಗ ಪ್ರತಿ ಸುತ್ತಿಗೂ ದಾರಕ್ಕೆ ಒಂದಿಷ್ಟು ಹುರಿ ಏರುತ್ತದೆ. ಆದ್ದರಿಂದಲೇ ಪಳಗಿದವರು ಆಗಾಗ ಬಾಬಿನ್ ತೂಗಾಡಲು ಬಿಟ್ಟು ಎಡಕ್ಕೆ ತಿರುಗಿಸುತ್ತಾರೆ. ಹುರಿ ಬಿಚ್ಚಿ ದಾರ ಮತ್ತೆ ಚಪ್ಪಟೆಯಾಗುತ್ತದೆ. ಅದೇ ಉಂಡೆ, ಅದೇ ಅಂಕಿ. ಒಬ್ಬರ ಫ್ಲೈಗೆ ಸಣ್ಣ ತಲೆ, ಇನ್ನೊಬ್ಬರದ್ದಕ್ಕೆ ಗುಡ್ಡೆ.

ಈಗಿನ ಮಾತೆಲ್ಲ ಗಟ್ಟಿತನದ ಕಡೆ ವಾಲಿದೆ. 1965ರಲ್ಲಿ ಸ್ಟೆಫನಿ ಕ್ವೋಲೆಕ್ ಕಂಡುಹಿಡಿದ ಎಳೆ ಕೆವ್ಲಾರ್ ಎಂಬ ಹೆಸರಲ್ಲಿ ಈ ಮೇಜಿಗೂ ಬಂತು. ಆಮೇಲೆ ಜೆಲ್ ಸ್ಪನ್ ಬಂತು. ಜಿಂಕೆ ಕೂದಲನ್ನು ಗಾಳದ ಸುತ್ತ ಅರಳಿಸಿ ಕಟ್ಟುವಾಗ ಜೋರಾಗಿ ಎಳೆಯಲೇಬೇಕು. ಅಲ್ಲಿ ಇವುಗಳ ಉಪಕಾರ ದೊಡ್ಡದು. ಆದರೆ ಕೆವ್ಲಾರ್ ಕತ್ತರಿಯ ಬಾಯಿ ಮೊಂಡು ಮಾಡುತ್ತದೆ. ಜೆಲ್ ಸ್ಪನ್ ಜಾರುತ್ತದೆ, ಮೇಣ ಉಜ್ಜದಿದ್ದರೆ ಹಿಡಿತ ಸಾಲದು, ಬಣ್ಣವನ್ನೂ ಸರಿಯಾಗಿ ಹೀರುವುದಿಲ್ಲ. ಇದಕ್ಕೆ ಉಲ್ಟಾ, ಸಾದಾ ನೈಲಾನ್ ಎಳೆದರೆ ಹಿಗ್ಗಿ, ಬಿಟ್ಟಾಗ ಕುಗ್ಗಿ ಗರಿಯನ್ನು ಕಚ್ಚಿ ಹಿಡಿಯುತ್ತದೆ. ಇನ್ನು ದಾರ ಪದೇ ಪದೇ ತುಂಡಾಗುತ್ತಿದ್ದರೆ ಹೆಚ್ಚು ಗಟ್ಟಿ ದಾರ ಕೊಳ್ಳುವ ಮೊದಲು ಬಾಬಿನ್ ಕೊಳವೆಯ ತುದಿ ತರಿತರಿಯಾಗಿದೆಯೇ, ಗಾಳದ ಮೊನೆ ದಾರಕ್ಕೆ ಗೀರುತ್ತಿದೆಯೇ ನೋಡುವುದು ಒಳ್ಳೆಯದು. ಸೆರಾಮಿಕ್ ಕೊಳವೆಯ ಬಾಬಿನ್ ಬಂದದ್ದು ಇಂಥ ಗೀರು ತಪ್ಪಿಸಲಿಕ್ಕೇ ಅಲ್ವಾ?

ಹಾಗಾದರೆ ಹಳೆಯ ಪಟ್ಟಿಗಳನ್ನು ಈಗ ಓದುವುದು ಹೇಗೆ? ಮೊದಲು ಅದು ಎಲ್ಲಿಯದು, ಯಾವ ಕಾಲದ್ದು ನೋಡಿ. ನೈಲಾನ್‌ಗಿಂತ ಹಿಂದಿನ ಇಂಗ್ಲಿಷ್ ಪಟ್ಟಿಯಲ್ಲಿ ದಾರಕ್ಕೆ ಬರೀ ಬಣ್ಣ ಬರೆದಿದ್ದರೆ ಅದು ರೇಷ್ಮೆ. ಅಲ್ಲಿ ಹೇಳಿರುವ ಬಣ್ಣವನ್ನು ಒದ್ದೆ ಮಾಡಿ, ಮೇಣ ಉಜ್ಜಿ ನೋಡಿದ ಮೇಲೆಯೇ ನಂಬಿ. ನೈಲಾನ್ ಬಂದ ಮೇಲಿನ ಅಮೆರಿಕದ ಪಟ್ಟಿಯಲ್ಲಿ 6/0 ಇದ್ದರೆ 70 ಡೆನಿಯರ್ ನೈಲಾನ್ ಎಂದು ಶುರು ಮಾಡಬಹುದು. ಯೂನಿ 8/0 ಎಂದಿದ್ದರೂ ಹೆಚ್ಚುಕಡಿಮೆ ಅಷ್ಟೇ. ಏನೂ ಸುಳಿವು ಸಿಗದಿದ್ದರೆ ಗಾಳವನ್ನೇ ಕೇಳಬೇಕು: 12ರಿಂದ 18ರ ಸೈಜಿಗೆ (ಇಲ್ಲಿ ಅಂಕಿ ಹೆಚ್ಚಿದಷ್ಟೂ ಗಾಳ ಸಣ್ಣದು) 70 ಡೆನಿಯರ್ ಸಾಕು, 20 ಮತ್ತು ಅದಕ್ಕಿಂತ ಸಣ್ಣದಕ್ಕೆ 30ರಿಂದ 50, ಮರಿಮೀನಿನಂತೆ ಕಾಣುವ ದೊಡ್ಡ ಸ್ಟ್ರೀಮರ್ ಫ್ಲೈಗೂ ಜಿಂಕೆ ಕೂದಲಿಗೂ 140 ಅಥವಾ ಅದಕ್ಕಿಂತ ಮೇಲಿನದು.