ಮೈನಸ್ 10ರಲ್ಲಿ ಓಡೋಕೆ ಎಷ್ಟು ಬಟ್ಟೆ ಬೇಕು?

ಪ್ರಶ್ನೆ: ಬೆಂಗಳೂರಿನಲ್ಲಿದ್ದಾಗ ಕಬ್ಬನ್ ಪಾರ್ಕಿನಲ್ಲಿ ವಾರಕ್ಕೆ ಮೂರ್ನಾಲ್ಕು ದಿನ ಓಡುತ್ತಿದ್ದೆ. ಈಗ ಕೆಲಸದ ಮೇಲೆ ಶಿಕಾಗೋಗೆ ಬಂದಿದ್ದೇನೆ. ಇಲ್ಲಿನ ಗೆಳೆಯರು ಮೈನಸ್ 10ರಲ್ಲೂ ಓಡಿ ಓಟದ ಲೆಕ್ಕ ಇಡುವ ಸ್ಟ್ರಾವಾ ಆ್ಯಪ್‌ನಲ್ಲಿ ಫೋಟೋ ಹಾಕುತ್ತಾರೆ. ನಾನು ಬನಿಯನ್, ಸ್ವೆಟರ್, ಅದರ ಮೇಲೆ ದಪ್ಪ ಜಾಕೆಟ್ ಹಾಕಿಕೊಂಡು ಹೋದರೂ ವಾಪಸ್ ಬರುವಾಗ ಗಡಗಡ ನಡುಗುತ್ತೇನೆ. ಇನ್ನೂ ಎಷ್ಟು ಹಾಕಬೇಕು? ಮೊಣಕಾಲ ಕೆಳಗೆ ಮುಂದಿನ ಮೂಳೆಯೂ ನೋಯುತ್ತಿದೆ. ಅದೂ ಚಳಿಗೇನಾ?

ಉತ್ತರ: ಇನ್ನೂ ಹಾಕಬೇಡಿ, ಒಂದೆರಡು ತೆಗೆಯಿರಿ. ಹೋಗುವಾಗ ಸರಿಯಿದ್ದು ಬರುವಾಗ ನಡುಕ ಬರುತ್ತಿದೆ ಅಂದರೆ, ಬಟ್ಟೆ ಜಾಸ್ತಿಯಾಗಿ ಬೆವರಿದ್ದೀರಿ. ಆ ಬೆವರು ಈಗ ತಣ್ಣಗಾಗುತ್ತಿದೆ. ಶಿಕಾಗೋ, ಟೊರಾಂಟೊ, ಮ್ಯೂನಿಕ್, ಎಲ್ಲಿಗೇ ಹೋಗಲಿ, ನಮ್ಮ ಕಡೆಯವರು ಮೊದಲ ಚಳಿಗಾಲದಲ್ಲಿ ಕೇಳುವ ಪ್ರಶ್ನೆ ಇದೇ. 15 ಡಿಗ್ರಿಗೇ ಸ್ವೆಟರ್ ಹುಡುಕುವ ಊರಿನವರು ನಾವು. ಹೆದರಿಕೆ ಸಹಜ.

ಓಡುವಾಗ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ನಿಮ್ಮನ್ನು ಮುಂದಕ್ಕೆ ಒಯ್ಯುತ್ತದೆ. ಮಿಕ್ಕಿದ್ದೆಲ್ಲ ಶಾಖವಾಗಿ ಬಿಡುತ್ತದೆ. ಹತ್ತು ನಿಮಿಷ ಓಡಿದ ಮೇಲೆ ಮೈಯೊಳಗೆ ಒಲೆ ಹಚ್ಚಿಟ್ಟ ಹಾಗೆ. ಅದಕ್ಕೇ ಹಳೆಯ ಓಟಗಾರರು ಒಂದು ಲೆಕ್ಕ ಇಟ್ಟುಕೊಂಡಿರುತ್ತಾರೆ: ಹೊರಗೆ ಇರುವುದಕ್ಕಿಂತ 10 ಡಿಗ್ರಿ ಜಾಸ್ತಿ ಇದೆ ಅಂದುಕೊಂಡು ಬಟ್ಟೆ ಹಾಕಿ. ಮೈನಸ್ 10 ಇದ್ದರೆ, ಸೊನ್ನೆಯಲ್ಲಿ ಸುಮ್ನೆ ನಡೆದಾಡಲು ಏನು ಹಾಕುತ್ತೀರೋ ಅಷ್ಟು ಸಾಕು. ಬಾಗಿಲ ಹೊರಗೆ ಕಾಲಿಟ್ಟಾಗ ಸ್ವಲ್ಪ ಚಳಿ ಆಗಲೇಬೇಕು. ಅಲ್ಲೇ ಬೆಚ್ಚಗಿದ್ದರೆ ಒಳಗೆ ಹೋಗಿ ಒಂದು ಕಳಚಿ ಬನ್ನಿ. ಅಷ್ಟಕ್ಕೂ ಚಳಿ ಓಟದ ಶತ್ರುವೇನಲ್ಲ. ಪ್ಯಾರಿಸ್, ಲಂಡನ್, ಶಿಕಾಗೋದಂಥ ದೊಡ್ಡ ಮ್ಯಾರಥಾನ್‌ಗಳ ಫಲಿತಾಂಶವನ್ನು ಹವಾಮಾನದ ಜೊತೆ ಹೋಲಿಸಿ ನೋಡಿದ ಸಂಶೋಧಕರಿಗೆ, ಜನ ಅತಿ ಚೆನ್ನಾಗಿ ಓಡುವುದು ಸುಮಾರು 4ರಿಂದ 10 ಡಿಗ್ರಿಯ ಒಳಗೆ ಎಂದು ಕಂಡಿತು. ನಾವು ಕಂಬಳಿ ಹೊದೆಯುವ ಹೊತ್ತು ಅದು.

ಹಾಗಾದರೆ ಕಷ್ಟ ಕೊಡುವುದು ಏನು? ಮೊದಲನೆಯದು ಒದ್ದೆ. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ವೇಗವಾಗಿ ಮೈಶಾಖ ಎಳೆದುಕೊಳ್ಳುತ್ತದೆ. ನಿಮ್ಮ ಹತ್ತಿ ಬನಿಯನ್ ಬೆವರನ್ನೆಲ್ಲ ಹೀರಿಕೊಂಡು ಚರ್ಮಕ್ಕೆ ಅಂಟಿ ಕೂರುತ್ತದೆ, ಬೇಗ ಒಣಗುವುದೂ ಇಲ್ಲ. ನಮ್ಮೂರ ಸೆಕೆಗೆ ಅದು ಹೇಳಿ ಮಾಡಿಸಿದ ಬಟ್ಟೆ. ಶಿಕಾಗೋದ ಜನವರಿಗೆ ಅಲ್ಲ. ಮೈಗೆ ತಾಗುವ ಮೊದಲ ಪದರ ಪಾಲಿಯೆಸ್ಟರ್ ಇರಲಿ, ಇಲ್ಲವೇ ಮೆರಿನೋ ಉಣ್ಣೆ. ಮೆರಿನೋ ದುಬಾರಿ, ಆದರೆ ಒದ್ದೆಯಾದರೂ ಅಷ್ಟು ತಣ್ಣಗಾಗುವುದಿಲ್ಲ, ನಾರುವುದೂ ಕಡಿಮೆ. ಅಪಾರ್ಟ್‌ಮೆಂಟಿನಲ್ಲಿ ವಾಷಿಂಗ್ ಮಷೀನ್‌ಗೆ ಸರದಿ ಕಾಯುವವರಿಗೆ ಇದು ಸಣ್ಣ ವಿಷಯವಲ್ಲ.

ಒದ್ದೆ ಎಷ್ಟು ಕೆಟ್ಟದ್ದು ಅನ್ನುವುದಕ್ಕೆ 2018ರ ಬಾಸ್ಟನ್ ಮ್ಯಾರಥಾನ್ ನೋಡಬೇಕು. ಆ ಏಪ್ರಿಲ್ ದಿನ ತಾಪಮಾನ ಸೊನ್ನೆಗಿಂತ ಮೇಲೇ ಇತ್ತು, 3–4 ಡಿಗ್ರಿ. ಆದರೆ ಸುರಿಯುವ ಮಳೆ, ಜೊತೆಗೆ ಎದುರು ಗಾಳಿ. ದೊಡ್ಡ ದೊಡ್ಡ ವೃತ್ತಿಪರ ಓಟಗಾರರು ಅರ್ಧದಲ್ಲೇ ಬಿಟ್ಟು ಹೋದರು. ಗಂಡಸರಲ್ಲಿ ಗೆದ್ದವರು ಜಪಾನಿನ ಯೂಕಿ ಕವಾಉಚಿ. ಆಗ ಅವರು ಸೈತಾಮಾದಲ್ಲಿ ಪೂರ್ಣಾವಧಿ ಸರ್ಕಾರಿ ನೌಕರರು. ಕೆಲಸದ ಹೊರಗಿನ ಸಮಯದಲ್ಲಿ ತಯಾರಿ ಮಾಡುತ್ತಿದ್ದ ಹವ್ಯಾಸಿ ಅನ್ನಬಹುದು, ಹವ್ಯಾಸ ಸ್ವಲ್ಪ ಜೋರಾಗಿತ್ತು ಅಷ್ಟೇ. 2 ಗಂಟೆ 15 ನಿಮಿಷ 58 ಸೆಕೆಂಡಿನಲ್ಲಿ ಮುಗಿಸಿದರು. ಅದೇ ವರ್ಷ ಜನವರಿ 1ರಂದು ಇದೇ ಮನುಷ್ಯ ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದ್ದೇ ಆದ ಮಾರ್ಷ್‌ಫೀಲ್ಡ್ ಎಂಬ ಊರಿನಲ್ಲಿ ಮೈನಸ್ 17ರ ಆಸುಪಾಸಿನ ಚಳಿಯಲ್ಲಿ 2 ಗಂಟೆ 18 ನಿಮಿಷ 59 ಸೆಕೆಂಡಿನ ಮ್ಯಾರಥಾನ್ ಓಡಿದ್ದರು. ಒಣ ಚಳಿ ಎಷ್ಟೇ ಇದ್ದರೂ ಮೈ ಹೇಗೋ ಸಂಭಾಳಿಸುತ್ತದೆ. ಮಳೆ, ಗಾಳಿ ಕೂಡಿದ 3 ಡಿಗ್ರಿ ಎಂಥವರನ್ನೂ ಕೂರಿಸಿಬಿಡುತ್ತದೆ. ಅಂಥ ದಿನ ನೀರು ತಡೆಯುವ ತೆಳು ಜಾಕೆಟ್ ಬೇಕು, ಕಣ್ಣಿಗೆ ಹನಿ ಬೀಳದಂತೆ ಮುಂದೆ ಚಾಚಿದ ಕ್ಯಾಪ್ ಬೇಕು. ಮನೆ ಸೇರಿದ ತಕ್ಷಣ ಬಟ್ಟೆ ಬದಲಿಸಿ, ಸ್ಟ್ರಾವಾ ಆಮೇಲೆ.

ಈಗ ನಿಮ್ಮ ಮೈನಸ್ 10ಕ್ಕೆ ಬರೋಣ. ಅಲ್ಲಿನ ಫೋನು ಅದನ್ನು 14 ಫ್ಯಾರನ್‌ಹೀಟ್ ಎಂದು ತೋರಿಸುತ್ತದೆ. ಮೈಗಂಟುವ ತೆಳುವಾದ ಉದ್ದ ತೋಳಿನ ಪದರ ಒಂದು, ಅದರ ಮೇಲೆ ಸಡಿಲವಾದ ಇನ್ನೊಂದು, ಎಲ್ಲಕ್ಕೂ ಹೊರಗೆ ಗಾಳಿ ತಡೆಯುವ ತೆಳು ಜಾಕೆಟ್. ಜಾಕೆಟ್ಟಿಗೆ ಜಿಪ್ ಇರಲೇಬೇಕು. ಬಿಸಿ ಏರಿದಾಗ ಕತ್ತಿನ ಹತ್ತಿರ ಒಂದು ಗೇಣು ಇಳಿಸಿದರೆ ಬೆವರು ಹೊರಗೆ ಹೋಗುತ್ತದೆ. ನೀವೀಗ ಹಾಕುತ್ತಿರುವ ದಪ್ಪ ಜಾಕೆಟ್ ಬಸ್ ಸ್ಟಾಪಿನಲ್ಲಿ ನಿಲ್ಲಲು ಮಾಡಿದ್ದು, ಓಡಲು ಅಲ್ಲ. ಕಾಲಿಗೆ ಒಂದು ಟೈಟ್ಸ್ ಸಾಕು, ಶಾಖ ಹುಟ್ಟುವುದೇ ಅಲ್ಲಿ ತಾನೆ? ಗಂಡಸರಿಗೆ ಮಾತ್ರ ಒಂದು ಕಿವಿಮಾತು: ಮುಂಭಾಗದಲ್ಲಿ ಗಾಳಿ ತಡೆಯುವ ಒಳಚಡ್ಡಿ ಸಿಗುತ್ತದೆ, ಮೊದಲೇ ಕೊಂಡುಬಿಡಿ. ಯಾಕೆ ಅಂತ ಅನುಭವಿಸಿ ತಿಳಿಯಬೇಕಾಗಿಲ್ಲ.

ಕೈ, ಕಿವಿ, ಮೂಗು ಬೇರೆ ಕಥೆ. ಚಳಿಯಾದಾಗ ಮೈ ರಕ್ತವನ್ನೆಲ್ಲ ಒಳಗೆ ಎಳೆದುಕೊಂಡು ತುದಿಗಳನ್ನು ಬಿಟ್ಟುಕೊಡುತ್ತದೆ. ಬೆರಳುಗಳೆಲ್ಲ ಒಟ್ಟಿಗೆ ಇರುವ ಮಿಟನ್, ಬೆರಳು ಬೆರಳಿಗೆ ಬೇರೆ ಗೂಡಿರುವ ಕೈಗವಸಿಗಿಂತ ಬೆಚ್ಚಗೆ. ಕಾಲಿಗೆ ಎರಡೆರಡು ದಪ್ಪ ಸಾಕ್ಸ್ ಹಾಕಿ ಶೂಗೆ ತುರುಕಬೇಡಿ. ಬಿಗಿಯಾದರೆ ರಕ್ತ ಓಡುವುದಿಲ್ಲ, ಕಾಲು ಇನ್ನೂ ತಣ್ಣಗಾಗುತ್ತದೆ. ಉಣ್ಣೆಯದು ಒಂದು ಜೊತೆ ಸಾಕು. ತಲೆಯ ವಿಷಯಕ್ಕೆ ಬಂದರೆ, ಮೈಶಾಖದ ಅರ್ಧ ತಲೆಯಿಂದಲೇ ಹೋಗುತ್ತದೆ ಅನ್ನುವ ಮಾತು ಸುಳ್ಳು. ತಲೆ ಮೈಯ ಹತ್ತನೇ ಒಂದು ಭಾಗದಷ್ಟು, ಶಾಖವೂ ಹೆಚ್ಚುಕಡಿಮೆ ಅಷ್ಟೇ ಹೋಗುತ್ತದೆ. ಆದರೂ ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ಬೆಂಗಳೂರಿನ ಡಿಸೆಂಬರಿನಲ್ಲಿ ಮಂಕಿ ಕ್ಯಾಪ್ ಹಾಕಿಸುವ ಅಮ್ಮಂದಿರನ್ನು ನೋಡಿ ನಗುತ್ತೇವೆ, ಅಲ್ವಾ? ಶಿಕಾಗೋದಲ್ಲಿ ಅವರ ಮಾತು ನಿಜವಾಗುತ್ತದೆ. ಕತ್ತಿಗೆ ಬಫ್, ಅಂದರೆ ಕೊಳವೆಯಂಥ ತೆಳು ಬಟ್ಟೆ, ಹಾಕಿಕೊಳ್ಳಿ. ಗಾಳಿ ಜೋರಾದಾಗ ಮೂಗಿನ ಮೇಲೆ ಎಳೆದುಕೊಳ್ಳಬಹುದು.

ಶ್ವಾಸಕೋಶ ಹೆಪ್ಪುಗಟ್ಟುತ್ತದಾ ಎಂದು ಕೇಳುವವರೂ ಇದ್ದಾರೆ. ಇಲ್ಲ. ಮೂಗು, ಗಂಟಲು ದಾಟುವಷ್ಟರಲ್ಲಿ ಗಾಳಿ ಬೆಚ್ಚಗಾಗಿರುತ್ತದೆ. ಆದರೆ ಚಳಿಯ ಗಾಳಿ ತುಂಬ ಒಣ. ಆಸ್ತಮಾ ಇದ್ದವರಿಗೆ ಎದೆ ಬಿಗಿಯುತ್ತದೆ, ಇಲ್ಲದವರಲ್ಲೂ ಕೆಲವರಿಗೆ ಕೆಮ್ಮು ಬರುತ್ತದೆ. ಪ್ರತಿ ಸಲ ಎದೆಯಲ್ಲಿ ಸುಯ್ ಸುಯ್ ಸದ್ದು ಬಂದರೆ ವೈದ್ಯರಿಗೆ ತೋರಿಸಿ.

ತಾಪಮಾನಕ್ಕಿಂತ ಗಾಳಿಯ ಲೆಕ್ಕ ಮುಖ್ಯ. ಮೈನಸ್ 10ರಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 20ರ ಹಾಗೆ. ಮಿಷಿಗನ್ ಸರೋವರದ ದಡದಲ್ಲಿ ಸುಮಾರು 29 ಕಿಲೋಮೀಟರ್ ಉದ್ದದ ಲೇಕ್‌ಫ್ರಂಟ್ ಟ್ರೇಲ್ ಇದೆಯಲ್ಲ, ಓಡಲು ಅದರಷ್ಟು ಚಂದದ ಜಾಗ ಕಡಿಮೆ. ಗಾಳಿಗೆ ಅಷ್ಟೇ ಬಯಲು. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿ ಬೆನ್ನಿಗಿರಲಿ. ತಿರುಗುಮುರುಗಾದರೆ ಬೆವರಿದ ಮೈಗೆ ಎದುರುಗಾಳಿ ಹೊಡೆಯುತ್ತದೆ. ಬಹುಶಃ ನಿಮಗೆ ಆಗುತ್ತಿರುವುದೂ ಇದೇ. ಗಾಳಿ ಸೇರಿಸಿ ಮೈನಸ್ 27ಕ್ಕಿಂತ ಕೆಳಗೆ ಹೋದರೆ ತೆರೆದ ಚರ್ಮಕ್ಕೆ 10ರಿಂದ 30 ನಿಮಿಷದಲ್ಲೇ ಹಿಮಗಡಿತ ಆಗಬಹುದು: ಚರ್ಮ ಬಿಳಿಚಿಕೊಂಡು ಮರಗಟ್ಟುತ್ತದೆ. ಹಾಗಾದಾಗ ಉಜ್ಜಬೇಡಿ, ಒಳಗೆ ಹೋಗಿ ಉಗುರುಬೆಚ್ಚಗಿನ ನೀರಿನಲ್ಲಿ ಇಡಿ, ಸ್ಪರ್ಶ ಮರಳದಿದ್ದರೆ ಆಸ್ಪತ್ರೆಗೆ ಹೋಗಿ. 2019ರ ಜನವರಿ 30ರಂದು ಶಿಕಾಗೋದಲ್ಲಿ ಮೈನಸ್ 31 ಡಿಗ್ರಿ ದಾಖಲಾಗಿತ್ತು. ಅಂಥ ದಿನ ಓಡಿ ಫೋಟೋ ಹಾಕುವುದು ಸಾಧನೆ ಅನ್ನಿಸುವುದಿಲ್ಲ ನನಗೆ. ಮೊದಲ ವರ್ಷದವರು ‘ಮೈನಸ್ 20 ಅನಿಸುತ್ತದೆ’ ಎಂದು ಫೋನು ಹೇಳಿದ ದಿನವೇ ಟ್ರೆಡ್‌ಮಿಲ್ ಹತ್ತಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಚಳಿಗಿಂತ ಹೆಚ್ಚು ಜನರನ್ನು ಮಲಗಿಸುವುದು ನೆಲ. ಸರೋವರದ ಅಲೆ ಸಿಡಿದು ದಾರಿಯ ಮೇಲೇ ಹೆಪ್ಪುಗಟ್ಟುತ್ತದೆ. ಹಗಲು ಕರಗಿದ ಹಿಮ ರಾತ್ರಿ ಗಾಜಿನಂತಾಗುತ್ತದೆ. ಡಾಂಬರು ಒದ್ದೆಯಾಗಿ ಕಪ್ಪಗೆ ಹೊಳೆಯುವಂತೆ ಕಂಡರೆ ಅದು ನೀರಲ್ಲ, ಮಂಜುಗಡ್ಡೆ ಎಂದೇ ನಂಬಿ. ಹೊಸದಾಗಿ ಬಿದ್ದ ಹಿಮದ ಮೇಲೆ ಓಡಬಹುದು. ಗಡ್ಡೆಯ ಮೇಲೆ ಶೂಗೆ ತೊಡಿಸುವ ಸ್ಪೈಕ್ ಬಲೆ ಬೇಕು, ಇಲ್ಲವಾದರೆ ನಡೆಯಿರಿ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ 4:20ಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಹೊಳೆಯುವ ಪಟ್ಟಿ, ತಲೆಗೆ ಕಟ್ಟುವ ದೀಪ ಎರಡೂ ಇರಲಿ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ವಾಹನಗಳಿಗೆ ಎದುರಾಗಿ ಓಡಬೇಕು. ಅಲ್ಲಿ ಗಾಡಿಗಳು ಬಲಕ್ಕೆ ಹೋಗುವುದರಿಂದ ನಿಮ್ಮದು ಎಡಬದಿ. ನಮ್ಮೂರ ಅಭ್ಯಾಸದಲ್ಲಿ ಬಲಕ್ಕೆ ಹೋಗಿಬಿಟ್ಟರೆ ಗಾಡಿಗಳು ಬೆನ್ನ ಹಿಂದಿನಿಂದ ಬರುತ್ತವೆ.

ಇನ್ನು ಕಾಲಿನ ನೋವು. ಚಳಿಗೇ ಮೂಳೆ ನೋಯುತ್ತದೆ ಅನ್ನುವುದಕ್ಕೆ ನಾನು ಒಪ್ಪುವುದಿಲ್ಲ. ಆದರೆ ಚಳಿ ಸುತ್ತಮುತ್ತಲಿನ ಕೆಲವನ್ನು ಬದಲಿಸುತ್ತದೆ. ಶೂ ಅಡಿಯ ಫೋಮ್ ಚಳಿಗೆ ಗಟ್ಟಿಯಾಗಿ ಹೊಡೆತ ತಡೆಯುವುದು ಕಡಿಮೆಯಾಗುತ್ತದೆ. ಜಾರುವ ಭಯದಲ್ಲಿ ನೀವು ಹೆಜ್ಜೆ ಬಿಗಿಹಿಡಿದು ಇಡುತ್ತೀರಿ. ಕಬ್ಬನ್ ಪಾರ್ಕಿನ ಮಣ್ಣಿನ ದಾರಿ ಹೋಗಿ ಕಾಂಕ್ರೀಟ್ ಬಂದಿರಬಹುದು. ಇದೆಲ್ಲಕ್ಕಿಂತ ನನಗೆ ಅನುಮಾನ ನಿಮ್ಮ ಸ್ಟ್ರಾವಾ ಮೇಲೆ. ಮನೆ ಬದಲಿಸುವ ಗಡಿಬಿಡಿಯಲ್ಲಿ ತಿಂಗಳುಗಟ್ಟಲೆ ಓಡದೆ ಇದ್ದು, ಈಗ ಗೆಳೆಯರ ಕಿಲೋಮೀಟರ್ ನೋಡಿ ಒಮ್ಮೆಲೇ ಹಿಡಿದುಕೊಂಡಿದ್ದೀರಾ? ಅವರಲ್ಲಿ ಎಷ್ಟೋ ಜನ ವಸಂತದ ಮ್ಯಾರಥಾನ್‌ಗೆ ತಯಾರಾಗುತ್ತಿರುತ್ತಾರೆ. ಅವರ ಕಾಲಿಗೆ ಹತ್ತು ಚಳಿಗಾಲದ ಪಳಗಿಕೆ ಇರುತ್ತದೆ. ಹಿಮದ ಮೇಲೆ ವೇಗದ ಲೆಕ್ಕವಂತೂ ಅರ್ಥವಿಲ್ಲದ್ದು. 40 ನಿಮಿಷ ಎಂದು ಹೊರಡಿ, ಎಷ್ಟು ದೂರವಾದರೆ ಅಷ್ಟು. ಕೈಗಡಿಯಾರದ ಹೃದಯಬಡಿತವನ್ನೂ ಪೂರ್ತಿ ನಂಬಬೇಡಿ. ಮಣಿಕಟ್ಟಿಗೆ ರಕ್ತ ಕಡಿಮೆ ಹರಿದಾಗ ಅದು ಏನೇನೋ ತೋರಿಸುತ್ತದೆ.

ವಾರಕ್ಕೆ ಶೇಕಡ 10ಕ್ಕಿಂತ ಜಾಸ್ತಿ ಏರಿಸದಿದ್ದರೆ ನೋವು ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ 500ಕ್ಕೂ ಹೆಚ್ಚು ಹೊಸ ಓಟಗಾರರನ್ನು ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿದರು. 2008ರಲ್ಲಿ ಫಲಿತಾಂಶ ಬಂತು. ಒಂದು ಗುಂಪು 13 ವಾರ ನಿಧಾನಕ್ಕೆ ಏರಿಸಿತು, ಇನ್ನೊಂದು 8 ವಾರದಲ್ಲೇ. ಎರಡೂ ಕಡೆ ಸರಿಸುಮಾರು ಐದರಲ್ಲಿ ಒಬ್ಬರಿಗೆ ಪೆಟ್ಟಾಯಿತು. ಹಾಗಂತ ಮನಸ್ಸಿಗೆ ಬಂದಷ್ಟು ಓಡಿ ಅನ್ನುತ್ತಿಲ್ಲ. ಶೇಕಡಾವಾರು ಲೆಕ್ಕ ಹಿಡಿದವರಿಗೂ ನೋವು ಬರುತ್ತದೆ, ಆದ್ದರಿಂದ ಕಾಲು ಹೇಳುವುದನ್ನು ಕೇಳಿ.

ಕುಳಿತು ಆ ಮೂಳೆಯ ಒಳಬದಿಯ ಅಂಚನ್ನು ಬೆರಳಿನಿಂದ ಒತ್ತುತ್ತಾ ಬನ್ನಿ. ಒಂದು ಗೇಣಿನಷ್ಟು ಉದ್ದಕ್ಕೆ ಸಾಧಾರಣವಾಗಿ ನೋಯುತ್ತದೆ, ಓಡಲು ಶುರು ಮಾಡಿದಾಗ ನೋವಿದ್ದು ಮೈ ಬಿಸಿಯಾದ ಮೇಲೆ ಕಡಿಮೆ ಆಗುತ್ತದೆ ಎಂದರೆ ಅದು ಶಿನ್ ಸ್ಪ್ಲಿಂಟ್ಸ್ ಇರಬಹುದು, ಅಂದರೆ ಓಟದ ಹೊಡೆತಕ್ಕೆ ಆ ಮೂಳೆಯ ಅಂಚು ಕೆರಳಿರುವುದು. ಎರಡು ಮೂರು ವಾರ ಓಟ ನಿಲ್ಲಿಸಿ ಸೈಕಲ್, ಈಜು ಮಾಡಿ. ನಡೆದರೆ ನೋವಿಲ್ಲ ಅನ್ನುವಾಗ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಮತ್ತೆ ಶುರು ಮಾಡಿ. ಮೀನಖಂಡಕ್ಕೆ ಬಲ ಬರಲು ಮೆಟ್ಟಿಲಂಚಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ ಒಳ್ಳೆಯದು.

ಹಾಗಲ್ಲದೆ ಒಂದೇ ಒಂದು ಜಾಗದಲ್ಲಿ, ಬೆರಳ ತುದಿಯಷ್ಟರಲ್ಲಿ, ಚುಚ್ಚಿದಂತೆ ನೋಯುತ್ತಿದ್ದರೆ, ಓಡಿದಷ್ಟೂ ಜಾಸ್ತಿಯಾಗುತ್ತಿದ್ದರೆ, ರಾತ್ರಿ ಮಲಗಿದಾಗಲೂ ಇದ್ದರೆ ಓಟ ಇವತ್ತೇ ನಿಲ್ಲಿಸಿ. ಮೂಳೆಯಲ್ಲಿ ಕೂದಲೆಳೆ ಬಿರುಕು ಬಿಟ್ಟಿರಬಹುದು. ವೈದ್ಯರ ಬಳಿ ಹೋದಾಗ ವಿಟಮಿನ್ ಡಿ ಪರೀಕ್ಷೆಯನ್ನೂ ಕೇಳಿ. ಬಾಸ್ಟನ್, ಶಿಕಾಗೋದಷ್ಟು ಉತ್ತರದಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ ಬಿಸಿಲು ಬಿದ್ದರೂ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವುದು ಇಲ್ಲವೆನ್ನುವಷ್ಟು ಕಡಿಮೆ. ನಮ್ಮಂಥ ಕಪ್ಪು, ಕಂದು ಮೈಬಣ್ಣದವರಿಗೆ ಬೇಸಿಗೆಯಲ್ಲೂ ಅದಕ್ಕೆ ಜಾಸ್ತಿ ಬಿಸಿಲು ಬೇಕು. ಹಾಗಾಗಿ ಈ ಕೊರತೆ ನಮ್ಮವರಲ್ಲಿ ಸಾಮಾನ್ಯ, ಮೂಳೆಗೆ ಅದು ಒಳ್ಳೆಯದಲ್ಲ. ಮಾತ್ರೆ ಎಷ್ಟು ಎಂದು ಅವರೇ ಹೇಳಲಿ, ನೀವಾಗೇ ನುಂಗಬೇಡಿ. ಇನ್ನೊಂದು ವಿಷಯ, ಎಕ್ಸ್‌-ರೇಯಲ್ಲಿ ಏನೂ ಕಾಣಲಿಲ್ಲ ಎಂದು ಮರುದಿನವೇ ಶೂ ಕಟ್ಟಬೇಡಿ. ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌-ರೇಗೆ ಸಿಗದೇ ಇರುವುದು ಮಾಮೂಲು. ನೋವು ಅಲ್ಲೇ ಉಳಿದಿದ್ದರೆ ಎಂಆರ್‌ಐ ಬೇಕಾ ಎಂದು ಕೇಳಿ.